ಕಡವಿನ ಅಮ್ಮಣಿಯ ನಡತೆ

ಕುಡಿಯಬಾರದು, ಕುಡಿಸಬಾರದು ಎಂದು ವರ್ಷಗಟ್ಟಲೆ ಹೇಳಿಕೊಂಡು ಬಂದ ಸರ್ಕಾರವೇ ಅರವತ್ತೇಳರ ಸುಮಾರಿಗೆ ಇನ್ನು ಕುಡಿಯಬಹುದು ಎಂದಿತು. ಇದರಿಂದ ಕುಂದಾಪುರದ ಕಡೆ ಬಹಳ ಜನಕ್ಕೆ ಹೆಚ್ಚಿನ ಸಂತೋಷವೇನೂ ಆಗಲಿಲ್ಲ, ಯಾಕೆಂದರೆ ಅವರು ಕುಡಿಯುವುದನ್ನು ಬಿಟ್ಟಿರಲೇ ಇಲ್ಲ. ಆದ ಬದಲಾವಣೆ ಇಷ್ಟೇ: ಅಷ್ಟು ದಿನ ಕದ್ದು ಮಾರಿದ್ದನ್ನು ಇನ್ನು ಬೋರ್ಡು ಹಾಕಿಕೊಂಡು ಮಾರಬಹುದು. ಆದರೆ ಮಾರುವವರು ಮಾತ್ರ ಒಳ್ಳೆಯ ನಡತೆಯವರಾಗಿರಬೇಕು. ಕುಡಿಯುವವನ ನಡತೆಯನ್ನು ಯಾರೂ ಕೇಳುವುದಿಲ್ಲ, ಕುಡಿಸುವವನ ನಡತೆಯನ್ನು ಮಾತ್ರ ಸರ್ಕಾರ ಮನೆಬಾಗಿಲಿಗೆ ಬಂದು ವಿಚಾರಿಸುತ್ತದೆ. ಆ ವಿಚಾರಣೆ ಬಸ್ರೂರಿನ ಆಚೆ ದಡದ ಕಡವಿಗೆ ಬಂದದ್ದು ಅಮ್ಮಣಿಯ ಹೆಸರು ಹಿಡಿದುಕೊಂಡು.

ಕಡವು ಎಂದರೆ ಹೊಳೆ ದಾಟುವ ಜಾಗ. ತಿಮ್ಮನ ದೋಣಿ ಅಲ್ಲಿಂದ ಹೊರಡುತ್ತಿತ್ತು, ಅಲ್ಲಿಗೇ ಬಂದು ತಾಗುತ್ತಿತ್ತು. ದೋಣಿ ಕಾಯುವವರಿಗೆ ಗಂಜಿ, ಚಹಾ, ಬೇಯಿಸಿದ ಕಡಲೆ ಕೊಡುವ ಅಮ್ಮಣಿಯ ಜೋಪಡಿ ದಡದ ಮೇಲೆಯೇ ಇತ್ತು. ಮುಂದುಗಡೆ ಅಂಗಡಿ, ತಟ್ಟಿಯ ಆಚೆ ಅವಳ ಮನೆ. ನಲವತ್ತು ದಾಟುತ್ತಿದ್ದ ಹೆಂಗಸು. ಎತ್ತರದ ಆಳು, ಚುರುಕು ನಡಿಗೆ, ಹಣೆಯಲ್ಲಿ ಕಾಸಗಲ ಕುಂಕುಮ, ಕೈ ತುಂಬ ಗಾಜಿನ ಬಳೆ. ಗಂಡ ಕಾಣೆಯಾಗಿ ಹತ್ತು ವರ್ಷಕ್ಕೆ ಬಂದಿದ್ದರೂ ಬಳೆ ಒಡೆದಾಗಲೆಲ್ಲ ಹೊಸದು ಇಡಿಸಿಕೊಳ್ಳುತ್ತಿದ್ದಳು. ಬಳೆಗಾರ ಕೂಡ ಏನೂ ಕೇಳುತ್ತಿರಲಿಲ್ಲ.

ಹಗಲು ಅವಳಷ್ಟು ಮಾತಾಡುವವರು ಆ ದಡದಲ್ಲಿ ಇಲ್ಲ. ದೋಣಿ ತಪ್ಪಿದವರನ್ನು ತಮಾಷೆ ಮಾಡುವುದು, ಚಹಾಕ್ಕೆ ಸಕ್ಕರೆ ಹೆಚ್ಚು ಕೇಳಿದವರಿಗೆ ಬೈಯುವುದು, ಎಲ್ಲ ಅವಳದೇ. ಹೊತ್ತು ಇಳಿಯುತ್ತ ಬಂತೆಂದರೆ ಬೇರೆ ಅಮ್ಮಣಿ. ದೀಪ ಹಚ್ಚುವ ಮೊದಲೇ ಹೊಳೆಯ ಕಡೆಯ ತಟ್ಟಿ ಇಳಿಸಿ ಬಿಡುತ್ತಿದ್ದಳು. ಇಳಿಸಿ, ತೊಳೆದಿಟ್ಟ ಪಾತ್ರೆಗಳನ್ನೇ ಮತ್ತೆ ತೊಳೆಯಲು ಕೂರುತ್ತಿದ್ದಳು. ತಪಲೆ, ಚೊಂಬು, ಸೌಟು ಎಲ್ಲ ಒಂದಕ್ಕೊಂದು ತಾಗಿ ಆ ಗದ್ದಲದಲ್ಲಿ ಹೊಳೆಯ ಸದ್ದು ಕೂಡ ಕೇಳುತ್ತಿರಲಿಲ್ಲ. ಕತ್ತಲೆ ಪೂರ್ತಿ ಇಳಿಯುವ ತನಕ ಆ ತೊಳೆತ ನಿಲ್ಲುತ್ತಿರಲಿಲ್ಲ. ಅಮ್ಮಣಿಗೆ ಶುದ್ಧದ ಹುಚ್ಚು ಎಂದು ದಡದವರು ಹೇಳಿಕೊಳ್ಳುತ್ತಿದ್ದರು, ಹಾಗೆ ಹೇಳಿಕೊಳ್ಳುವುದು ಅವರಿಗೂ ಅನುಕೂಲವಾಗಿತ್ತು.

ಗಂಡ ಸೂರ. ಅವಳು ಆ ಹೆಸರು ಹೇಳುತ್ತಿರಲಿಲ್ಲ, ಗಂಡನ ಹೆಸರನ್ನು ಯಾವ ಹೆಂಗಸೂ ಹೇಳುತ್ತಿರಲಿಲ್ಲ. ಅವನೂ ಅವಳ ಹೆಸರು ಹಿಡಿದು ಕರೆದವನಲ್ಲ, 'ಹ್ವಾಯ್' ಎಂದರೆ ಆಯಿತು. ಸೂರ ಕೆಟ್ಟವನಲ್ಲ. ಹೊಳೆಬದಿಯ ಕಾಂಡ್ಲ ಗಿಡಗಳ ಸಂದಿಯಲ್ಲಿ ಕಳ್ಳಭಟ್ಟಿ ಇಳಿಸುತ್ತಿದ್ದ, ಅದು ಬೇರೆ ಮಾತು. ಗೇರುಹಣ್ಣಿನ ಕಾಲದಲ್ಲಿ ಅವನ ಮೈಯೆಲ್ಲ ಆ ವಾಸನೆಯೇ. ಒಂದು ಸಲ ಪೊಲೀಸರು ಹಿಡಿದು ಕೇಸು ಹಾಕಿದರು, ಜೈಲಿಗೂ ಹೋಗಿ ಬಂದ. ಬಂದವನು ಇನ್ನು ಆ ಕೆಲಸ ಬೇಡ ಎಂದು ಹೆಂಡತಿಯ ತಲೆ ಮುಟ್ಟಿ ಹೇಳಿ ಒಂದು ಮಳೆಗಾಲ ಪೂರ್ತಿ ಬಲೆ ಹಾಕಿ ಮೀನು ಹಿಡಿದ. ಮೀನು ಸಿಕ್ಕಿದ್ದು ಅಷ್ಟಕ್ಕಷ್ಟೆ, ಆಣೆ ಉಳಿದದ್ದೂ ಅಷ್ಟೆ. ಮರುವರ್ಷ ಆಷಾಢದ ಒಂದು ಮಧ್ಯಾಹ್ನ, ನಾಳೆ ಬರುತ್ತೇನೆ ಎಂದು ಹೇಳಿ ಮಡಕೆ ಹೊತ್ತುಕೊಂಡು ಆಚೆ ದಡಕ್ಕೆ ಹೋದವನು ತಿರುಗಿ ಬರಲಿಲ್ಲ.

ಬೊಂಬಾಯಿಗೆ ಓಡಿ ಹೋಗಿ ಹೋಟೆಲಿನಲ್ಲಿ ಇದ್ದಾನೆ ಎಂದು ಕೆಲವರು ಹೇಳಿದರು. ನಮ್ಮ ಕಡೆ ಕಾಣೆಯಾದವರೆಲ್ಲ ಬೊಂಬಾಯಿಯ ಹೋಟೆಲಿನಲ್ಲೇ ಇರುತ್ತಾರೆ, ಹಾಗೆ ಹೇಳಿದರೆ ಯಾರಿಗೂ ಖರ್ಚಿಲ್ಲ.

ಗಂಡನಿಲ್ಲದ ಮೇಲೆ ದಡದವರು ಅಮ್ಮಣಿಯನ್ನು ಚೆನ್ನಾಗಿಯೇ ನೋಡಿಕೊಂಡರು. ತಿಮ್ಮ ಅವಳನ್ನು ದೋಣಿಯಲ್ಲಿ ಕರೆದುಕೊಂಡು ಹೋದದ್ದಕ್ಕೆ ಒಂದು ಬಿಡಿಗಾಸೂ ಮುಟ್ಟಲಿಲ್ಲ. ಮೇಲಿನ ಮನೆಯ ಪ್ರಭಾವತಮ್ಮ, ಗದ್ದೆ ತೋಟ ಇದ್ದ ಮನೆತನದ ಯಜಮಾನ್ತಿ, ಕೊಯ್ಲಿನ ಅಕ್ಕಿ ಬಂದ ಕೂಡಲೇ ಒಂದು ಬುಟ್ಟಿ ಮೊದಲು ಜೋಪಡಿಗೆ ಕಳಿಸುತ್ತಿದ್ದರು. ಊರಿನ ಉಗ್ರಾಣಿ ದುಗ್ಗಪ್ಪ, ಎಂದರೆ ಪಟೇಲರು ಹೇಳಿದ್ದನ್ನು ಮನೆಮನೆಗೆ ಮುಟ್ಟಿಸುವ ಆಳು, ಮಳೆಗಾಲದ ಮೊದಲು ಕರೆಯದೆಯೇ ಬಂದು ಮಾಡಿಗೆ ತೆಂಗಿನ ಮಡಲು ಹೊದೆಸಿ ಹೋಗುತ್ತಿದ್ದ. ಒಂಟಿ ಹೆಂಗಸು ಎಂದು ಮರುಕ ತೋರಿಸುತ್ತಾರೆ ಎಂದುಕೊಂಡು ಅಮ್ಮಣಿ ಸುಮ್ಮನಿದ್ದಳು.

ಕಡವಿನಲ್ಲಿ ಒಂದು ಶೇಂದಿ ಅಂಗಡಿ ಆಗುತ್ತದೆ, ಜಾಗ ಅಮ್ಮಣಿಯ ಜೋಪಡಿ ಇರುವ ಜಾಗವೇ ಎಂಬ ಸುದ್ದಿ ಬಂದಾಗ ಅವಳಿಗೆ ಜೀವ ಹೋದ ಹಾಗಾಯಿತು. ಆ ದಡ ಸರ್ಕಾರದ್ದು. ಲೈಸೆನ್ಸು ಯಾರಿಗೆ ಸಿಗುತ್ತದೋ ಜಾಗ ಅವರಿಗೆ. ಮಾರ್ಗದ ಬದಿಯಲ್ಲಿ ಲಾರಿ ಇಟ್ಟುಕೊಂಡಿದ್ದ ಶೇಖರ ಎಂಬವನು ಆಗಲೇ ಅರ್ಜಿ ಹಾಕಿ, ಜೋಪಡಿ ಕಿತ್ತು ಎಲ್ಲಿ ಬೆಂಚು ಹಾಕುವುದು ಎಂದು ಅವಳ ಎದುರಿಗೇ ಹೆಜ್ಜೆ ಹಾಕಿ ಅಳೆದು ಹೋಗಿದ್ದ. ಅವಳ ಚಹಾ ಕುಡಿದೇ ಅಳೆದದ್ದು. ಆ ಮಧ್ಯಾಹ್ನವೇ ಅಮ್ಮಣಿ ಪಂಚಾಯತಿಗೆ ಹೋಗಿ ತಾನೂ ಅರ್ಜಿ ಹಾಕಿದಳು. ಕಳ್ಳು ಮಾರುವ ಆಸೆ ಅವಳಿಗೆ ಇರಲಿಲ್ಲ, ಆ ದಡ ಬಿಟ್ಟು ಹೋಗಲು ಸಾಧ್ಯವಿರಲಿಲ್ಲ, ಅಷ್ಟೆ. ಅದು ಯಾಕೆಂದು ಕೇಳಿದ್ದರೆ ಅವಳು ಹೇಳುತ್ತಿರಲಿಲ್ಲ.

ವಿಚಾರಣೆಗೆ ಬಂದವನು ಬ್ರಹ್ಮಾವರದ ಕಡೆಯ ಭೋಜರಾಜ, ಅಬಕಾರಿ ಆಫೀಸಿನ ಗುಮಾಸ್ತ. ಜೊತೆಗೆ ದಾರಿ ತೋರಿಸಲು ದುಗ್ಗಪ್ಪ. ಭೋಜರಾಜ ಜೋರಿನ ಮನುಷ್ಯನಲ್ಲ, ಆದರೆ ಕೇಳಬೇಕಾದ್ದನ್ನು ಬಿಡುವವನೂ ಅಲ್ಲ. ಅಂಗಡಿಯಲ್ಲಿ ಜಗಳ ಆಗಿದೆಯೇ, ಹೊತ್ತಲ್ಲದ ಹೊತ್ತಿನಲ್ಲಿ ಗಂಡಸರು ಬರುತ್ತಾರೆಯೇ, ಹಿಂದೆ ಕದ್ದು ಮಾರಿದ್ದುಂಟೇ ಎಂದು ಒಂದೊಂದಾಗಿ ಕೇಳಿದ. ಹೆಂಗಸಿನ ಮುಖ ನೋಡಿ ಕೇಳಲಾಗದ ಪ್ರಶ್ನೆಗಳನ್ನು ಚಹಾದ ಲೋಟ ನೋಡಿ ಕೇಳಿದ. ಅಮ್ಮಣಿ ಎಲ್ಲಕ್ಕೂ ತಲೆ ಎತ್ತಿಯೇ ಉತ್ತರ ಕೊಟ್ಟಳು. ಕೊನೆಗೆ ಅವನು ಲೋಟ ಕೆಳಗಿಟ್ಟ.

"ನಿನ್ ಗಂಡ ಇದ್ನಾ, ಇಲ್ಯಾ? ಅದೊಂದ್ ಹೇಳ್."

ಅಮ್ಮಣಿ ಆ ಲೋಟ ಎತ್ತಿಕೊಂಡು ತೊಳೆಯಲು ಕೂತಳು.

ಭೋಜರಾಜ ವಿವರಿಸಿದ. ಗಂಡ ಬದುಕಿದ್ದರೆ ಅಂಗಡಿ ಅವನದೇ ಎಂದು ಲೆಕ್ಕ. ಅವನ ಮೇಲೆ ಕಳ್ಳಭಟ್ಟಿಯ ಕೇಸಾಗಿ ಶಿಕ್ಷೆಯೂ ಆಗಿದೆ ಎಂದು ಶೇಖರ ಆಗಲೇ ಆಫೀಸಿಗೆ ಬಂದು ಹೇಳಿ ಹೋಗಿದ್ದಾನೆ. ಅಂಥವನಿಗೆ ಲೈಸೆನ್ಸು ಕೊಡಲು ಮೇಲಿನವರು ಒಪ್ಪುವುದಿಲ್ಲ. ಸತ್ತಿದ್ದರೆ ಪ್ರಶ್ನೆಯೇ ಇಲ್ಲ, ಸತ್ತವನ ನಡತೆಯನ್ನು ಯಾರೂ ಕೇಳುವುದಿಲ್ಲ. ನಾಳೆ ಬೆಳಿಗ್ಗೆ ಮತ್ತೆ ಬರುತ್ತೇನೆ, ಒಂದು ಮಾತು ಹೇಳಿದರೆ ಸಾಕು, ಜೊತೆಗೆ ಹೌದೆನ್ನುವ ನಾಲ್ಕು ಜನ ಇರಲಿ ಎಂದು ಎದ್ದ. ಹೋಗುವಾಗ ದುಗ್ಗಪ್ಪ ಹಿಂದೆ ಉಳಿದು, ತೀರಿಕೊಂಡರು ಎಂದು ಹೇಳಿ ಬಿಡು ಅಮ್ಮಣಿ, ಇನ್ನೆಷ್ಟು ದಿನ ಹೀಗೆ ಎಂದ. ಹೇಳುವಾಗ ಅವನು ಹೊಳೆಯ ಕಡೆ ನೋಡುತ್ತಿದ್ದ.

ಒಂದು ಮಾತು. ಅದನ್ನು ಹೇಳಿದರೆ ಜಾಗ ಉಳಿಯುತ್ತದೆ. ಆದರೆ ಹೇಗೆ ಸತ್ತ, ಯಾವಾಗ ಸತ್ತ, ನಿನಗೆ ಹೇಗೆ ಗೊತ್ತು ಎಂದು ಕೇಳದೆ ಬಿಡುತ್ತಾರೆಯೇ? ಅವಳಿಗೆ ಗೊತ್ತಿತ್ತು. ಅದೇ ಕಷ್ಟ.

ಸೂರ ಹೋದ ಆಷಾಢದಲ್ಲಿ ಹೊಳೆ ದಡ ಮೀರಿ ಹರಿಯುತ್ತಿತ್ತು. ಹಿಂದಿನ ವಾರವಷ್ಟೇ ಮೇಲಿನ ಊರಿನ ಒಬ್ಬ ಆಳು ಹೊಳೆಗೆ ಬಿದ್ದು ಸತ್ತಿದ್ದ, ಹೆಣ ಕಡವಿನ ಹತ್ತಿರವೇ ಸಿಕ್ಕಿತ್ತು. ಅವನ ಕ್ರಿಯೆ ಇನ್ನೂ ಮುಗಿದಿರಲಿಲ್ಲ. ಹಾಗೆ ಹೋದವರು ಮೂರ್ಸಂಜೆಯಲ್ಲಿ ಮನುಷ್ಯರ ಸ್ವರದಲ್ಲಿ ಕರೆಯುತ್ತಾರೆ ಎಂದು ದಡದವರಿಗೆಲ್ಲ ಗೊತ್ತು. ಆದರೆ ಅವರಿಗೆ ಒಂದೇ ಸಲ ಕರೆಯಲು ಬರುತ್ತದೆ. ಮನುಷ್ಯರಾದರೆ ಎರಡನೇ ಸಲ ಕರೆಯುತ್ತಾರೆ, ಮೂರನೇ ಸಲವೂ ಕರೆಯುತ್ತಾರೆ. ಮೂರನೆಯದಕ್ಕೆ ಓಗೊಟ್ಟರೆ ಭಯವಿಲ್ಲ. ಮೊದಲನೆಯದಕ್ಕೆ ಓಗೊಟ್ಟವರು ಉಳಿದದ್ದಿಲ್ಲ. ಹಾಲು ಕುಡಿಯುವ ಮಗುವಿನಿಂದ ಹಿಡಿದು ಹಲ್ಲು ಹೋದ ಮುದುಕಿಯ ತನಕ ಅಲ್ಲಿ ಮೂರ್ಸಂಜೆಯಲ್ಲಿ ಯಾರೂ ಮೊದಲನೇ ಕರೆಗೆ ಓ ಎನ್ನುವುದಿಲ್ಲ.

ಗಂಡ ಹೋದ ದಿನ ಮೂರ್ಸಂಜೆಗೆ ಅಮ್ಮಣಿ ದೀಪ ಹಚ್ಚುತ್ತಿದ್ದಳು. ಹೊಳೆಯ ಆಚೆಯಿಂದ ಮಳೆಯ ನಡುವೆ ಕೇಳಿತು, ಹ್ವಾಯ್. ಸ್ವರದ ಗುರುತು ಸಿಕ್ಕಿದ ಹಾಗಾಯಿತು, ಸಿಗದ ಹಾಗೂ ಆಯಿತು. ನಾಳೆ ಬರುತ್ತೇನೆ ಎಂದು ಮಧ್ಯಾಹ್ನ ಹೇಳಿ ಹೋದ ಗಂಡ ಇವತ್ತೇ ಯಾಕೆ ಕರೆಯುತ್ತಾರೆ? ಕಡ್ಡಿ ಕೈಯಲ್ಲಿ ಉರಿಯುತ್ತಿತ್ತು. ಎರಡನೆಯದಕ್ಕೆ ಕಾದಳು. ಕಡ್ಡಿ ಬೆರಳು ಸುಡುವ ತನಕ ಕಾದಳು. ಎರಡನೆಯದು ಬರಲೇ ಇಲ್ಲ, ಇವತ್ತಿನ ತನಕ ಬಂದಿಲ್ಲ. ಅದು ಯಾವತ್ತಾದರೂ ಒಂದು ಮೂರ್ಸಂಜೆ ಬಂದೀತು ಎಂಬ ಭಯಕ್ಕೆ ಅವಳು ಪಾತ್ರೆ ಬಡಿಯುತ್ತಿದ್ದಳು, ಬಂದೀತು ಎಂಬ ಆಸೆಗೆ ಆ ದಡ ಬಿಡುತ್ತಿರಲಿಲ್ಲ. ಎರಡೂ ಒಂದೇ ಎದೆಯೊಳಗೆ ಇದ್ದವು. ಇದನ್ನು ಅವಳು ಯಾರ ಹತ್ತಿರವೂ ಹೇಳಿರಲಿಲ್ಲ. ಗಂಡ ಕರೆದಾಗ ಓ ಎನ್ನದೆ ಕೂತವಳ ನಡತೆ ಎಂಥದ್ದು ಎಂದು ಬರೆದುಕೊಳ್ಳುತ್ತಾರೆ?

ಮರುದಿನ ಭೋಜರಾಜ ಹೇಳಿದ ಹೊತ್ತಿಗೆ ಬಂದು ಜೋಪಡಿಯ ಬೆಂಚಿನಲ್ಲಿ ಕೂತ. ದುಗ್ಗಪ್ಪ ತಿಮ್ಮನನ್ನು ದೋಣಿ ಬಿಡಿಸಿ ಕರೆತಂದಿದ್ದ. ಪ್ರಭಾವತಮ್ಮ ತಾವಾಗಿಯೇ ಬಂದಿದ್ದರು, ಅಂಥ ಮನೆತನದವರು ಚಹಾದಂಗಡಿಗೆ ಕಾಲಿಟ್ಟದ್ದು ಅದೇ ಮೊದಲು. ಅಮ್ಮಣಿಯನ್ನು ಕೇಳಿದರೆ ಗೊತ್ತಿಲ್ಲ ಎಂದಳು. ಮತ್ತೆ ಕೇಳಿದರೂ ಅಷ್ಟೆ. ಹೇಳಿ ತಟ್ಟಿಯ ಹಿಂದೆ ಹೋಗಿ ನಿಂತಳು. ಹಾಗಾದರೆ ಶೇಖರನ ಅರ್ಜಿಯನ್ನೇ ಮುಂದೆ ಕಳಿಸಬೇಕಾಗುತ್ತದೆ, ಸುಮ್ಮನೆ ಸತ್ತ ಎಂದು ಬರೆದು ನಾಳೆ ಅವನು ಬೊಂಬಾಯಿಯಿಂದ ಇಳಿದರೆ ನನ್ನ ಕೆಲಸ ಹೋಗುತ್ತದೆ ಎಂದ ಭೋಜರಾಜ. ಹೇಳಿ, ಬಂದದ್ದಕ್ಕೆ ಇರಲಿ ಎಂದು ತಿಮ್ಮನ ಕಡೆ ತಿರುಗಿದ.

ತಿಮ್ಮ ಹೆಗಲ ಮೇಲಿನ ಬೈರಾಸು ತೆಗೆದು ಕೈಗೆ ಸುತ್ತಿಕೊಂಡ. ಸೂರ ಸತ್ತದ್ದು ನಿಜ ಎಂದ. ಹೇಗೆ ಗೊತ್ತು ಎಂದು ಭೋಜರಾಜ ಕೇಳಿದ.

"ನಂಗೆ ಕೇಂಡಿತ್, ಒಡೆಯಾ," ಎಂದ ತಿಮ್ಮ. "ಮೂರ್ಸಂಜೆಗೆ ಆಚೆ ದಡ್ದಂಗೆ ಹ್ವಾಯ್ ಅಂದೇಳಿ ಕರ್ದದ್. ಒಂದೇ ಸಲ. ನಾನ್ ದೋಣಿ ಬಿಚ್ಚಲಿಲ್ಲ."

ತಟ್ಟಿಯ ಹಿಂದೆ ಬಳೆಯ ಸದ್ದಾಯಿತು. ಭೋಜರಾಜ ಬರೆಯುವುದನ್ನು ನಿಲ್ಲಿಸಿದ. ಅವನೂ ಈ ಕಡೆಯವನೇ, ಒಂದೇ ಸಲ ಎಂದರೆ ಏನೆಂದು ಅವನಿಗೆ ಬಿಡಿಸಿ ಹೇಳಬೇಕಾಗಿರಲಿಲ್ಲ.

ಪ್ರಭಾವತಮ್ಮ ಯಾರೂ ಕೇಳದೆಯೇ ಮಾತಾಡಿದರು. ತಮಗೂ ಕೇಳಿತ್ತು. ಜಗಲಿಯಲ್ಲಿ ಹೂಬತ್ತಿ ಹೊಸೆಯುತ್ತಿದ್ದವರು ಎದ್ದು ಮಕ್ಕಳನ್ನೆಲ್ಲ ಒಳಗೆ ಕರೆದು ಬಾಗಿಲು ಹಾಕಿಕೊಂಡರು. ಮನೆಯಲ್ಲಿ ಗಂಡಾಳುಗಳು ಇದ್ದರು, ಒಂದು ಮಾತು ಹೇಳಿದ್ದರೆ ತೆಂಗಿನ ಗರಿಯ ಸೂಡಿ ಹಚ್ಚಿ ಹಿಡಿದು ಹೋಗುತ್ತಿದ್ದರು. ಹೇಳಲಿಲ್ಲ. ಮರುದಿನ ಸೂರ ಬಂದಿಲ್ಲ ಎಂದು ಗೊತ್ತಾದಾಗ ಅನ್ನ ಇಳಿಯಲಿಲ್ಲ ಎಂದರು. ಅಷ್ಟು ಹೇಳುವಾಗ ಅವರ ದನಿ ಗಟ್ಟಿಯಾಗಿಯೇ ಇತ್ತು, ಕಣ್ಣು ಮಾತ್ರ ತುಂಬಿತ್ತು.

ದುಗ್ಗಪ್ಪ ಅಲ್ಲಿಯವರೆಗೆ ಕಂಬ ಹಿಡಿದು ನಿಂತಿದ್ದವನು ಕೂತುಬಿಟ್ಟ. ಆ ದಿನ ಅವನು ಆಚೆ ದಡದಲ್ಲೇ ಇದ್ದ, ಸೂರನನ್ನು ಹಿಡಿಯಲು ಬಂದ ಪೊಲೀಸರಿಗೆ ದಾರಿ ತೋರಿಸುತ್ತ. ದಾರಿ ತಪ್ಪಿಸುತ್ತ ಎಂದರೂ ಸರಿ, ಅವನಿಗೆ ಸೂರ ಸಿಗುವುದು ಬೇಕಿರಲಿಲ್ಲ. ಕಾಂಡ್ಲದ ಆಚೆಯಿಂದ ಕರೆದದ್ದು ಕೇಳಿ ಪೊಲೀಸರು ಟಾರ್ಚು ಹಾಕಿದರು. ಆಗ ದುಗ್ಗಪ್ಪ ಅವರ ಕೈ ಹಿಡಿದಿದ್ದ.

"ಅದ್ ಮನ್ಷರ್ ಕರ್ದದ್ದಲ್ಲ, ಓ ಅನ್ಬ್ಯಾಡಿ, ಹೋಪ ಅಂದೆ," ಎಂದ. "ನಾನೇ ಅಂದದ್. ಅಂವ ತಪ್ಸ್ಕಂಬ್ಲಿ ಅಂದೇಳಿ ಅಂದದ್."

ಪೊಲೀಸರು ಹೆದರಿ ತಿರುಗಿದರು. ತಿರುಗಿದ್ದು ಸೂರನಿಗೆ ಗೊತ್ತಾಗಬೇಕಲ್ಲ. ಟಾರ್ಚಿನ ಬೆಳಕು ಕಂಡವನು ಎರಡನೇ ಸಲ ಕರೆಯುವ ಹಾಗಿರಲಿಲ್ಲ, ಹೊಳೆಗೆ ಇಳಿದಿರಬೇಕು. ಬೆಳಿಗ್ಗೆ ದುಗ್ಗಪ್ಪ ಒಬ್ಬನೇ ಹೋಗಿ ನೋಡಿದರೆ ಮಡಕೆ ದಡದಲ್ಲಿ ತುಂಬಿದ ಹಾಗೆಯೇ ಇತ್ತು, ಪಕ್ಕದಲ್ಲಿ ಮಡಿಚಿ ಇಟ್ಟ ಅಂಗಿ. ಮಡಕೆಯನ್ನು ಹೊಳೆಗೆ ಬಗ್ಗಿಸಿದ. ಅಂಗಿಯನ್ನು ಏನು ಮಾಡಿದೆ ಎಂದು ಹೇಳಲು ಅವನಿಗೆ ಆಗಲಿಲ್ಲ, ಯಾರೂ ಕೇಳಲೂ ಇಲ್ಲ. ಅವನನ್ನು ಉಳಿಸಲು ಹೋಗಿ ಕೊಂದೆ ಎಂದು ಮುಖ ಮುಚ್ಚಿಕೊಂಡ.

ಇಡೀ ದಡಕ್ಕೆ ಕೇಳಿತ್ತು. ತನಗೊಬ್ಬನಿಗೇ ಕೇಳಿದ್ದು ಎಂದು ಒಬ್ಬೊಬ್ಬರೂ ಬಾಯಿ ಕಟ್ಟಿಕೊಂಡು, ಅಕ್ಕಿ ಕಳಿಸಿ, ಮಡಲು ಹೊದೆಸಿ, ದೋಣಿಯಲ್ಲಿ ಬಿಟ್ಟಿ ದಾಟಿಸಿ ಹತ್ತು ವರ್ಷ ಕಳೆದಿದ್ದರು. ಊರಿನ ಒಳ್ಳೆಯತನ ಎಂದರೆ ಕೆಲವು ಸಲ ಇಷ್ಟೇ, ಅದನ್ನು ಕೆದಕದೆ ಇರುವುದು ಒಳ್ಳೆಯದು. ಆದರೆ ಸರ್ಕಾರ ಕೆದಕಿತ್ತು.

ಭೋಜರಾಜ ಮೆಲ್ಲಗೆ ಬರೆದು ಮುಗಿಸಿದ. ಬರೆದದ್ದನ್ನು ತಟ್ಟಿಯ ಕಡೆ ಮುಖ ಮಾಡಿ ಓದಿದ. ಗಂಡ ಸೂರ ಹೊಳೆಯಲ್ಲಿ ತೀರಿಕೊಂಡದ್ದು ಊರಿಗೇ ತಿಳಿದ ವಿಷಯ, ಹೆಂಡತಿ ಅಮ್ಮಣಿಯ ನಡತೆ ಒಳ್ಳೆಯದು, ಲೈಸೆನ್ಸು ಕೊಡಲು ಅಡ್ಡಿಯಿಲ್ಲ. ಓದಿ, ಬಂದು ಹೆಬ್ಬೆಟ್ಟು ಒತ್ತು ಎಂದು ಕರೆದ.

ಅಮ್ಮಣಿ ಹೊರಗೆ ಬಂದಳು. ಮುಖ ನೋಡಿ ತಿಮ್ಮನಿಗೆ ಹೆದರಿಕೆಯಾಯಿತು. ಅವನು ಎದ್ದು, ನೀನು ಎದೆಗೆ ಹಚ್ಚಿಕೊಳ್ಳಬೇಡ, ಸೂರ ಕರೆದದ್ದು ದೋಣಿಯನ್ನು, ಎಂದರೆ ನನ್ನನ್ನು, ಪಾಪವಿದ್ದರೆ ಅದು ನನ್ನದು ಎಂದ. ಪ್ರಭಾವತಮ್ಮ, ಇಲ್ಲ, ಊರನ್ನೇ ಕರೆದದ್ದು, ಎಲ್ಲರದೂ ಒಂದೊಂದು ಪಾಲು ಇದೆ ಎಂದರು. ಅವಳ ಭಾರ ಇಳಿಸುತ್ತಿದ್ದೇವೆ ಎಂದೇ ಅವರು ತಿಳಿದುಕೊಂಡದ್ದು. ಹತ್ತು ವರ್ಷ ಅವಳ ಹತ್ತಿರ ಉಳಿದಿದ್ದ ಒಂದೇ ಒಂದನ್ನು, ಆ ಕರೆಯನ್ನು, ಎಲ್ಲರೂ ಸೇರಿ ಹಂಚಿಕೊಳ್ಳುತ್ತಿದ್ದರು.

"ಇಲ್ಲೆ," ಎಂದಳು ಅಮ್ಮಣಿ. "ದೋಣಿ ಕರುದಾರೆ ಅವ್ರ್ ಮೂರ್ ಸಲ ಕರೀತಿದ್ರ್, ನಿಮ್ಮೆಲ್ಲರ್ ಹಾಂಗೆ. ನನ್ನ ಮಾತ್ರ ಒಂದೇ ಸಲ ಕರೂದ್. ಮನೆಯಂಗೆ ಒಂದ್ ಸಲಕ್ಕೇ ಓ ಅಂತಿದ್ದೆ, ಎರಡ್ನೇ ಸಲ ಕರುಕೆ ನಾನ್ ಯಾವತ್ತೂ ಬಿಟ್ಟವ್ಳಲ್ಲ."

ತಿಮ್ಮ ಕೂತ. ಅಮ್ಮಣಿ ಭೋಜರಾಜನ ಎದುರು ಬಂದು ಹೆಬ್ಬೆರಳು ಚಾಚಿದಳು. ಅವನು ಮಸಿ ಹಚ್ಚಿದ. ಒತ್ತಿದ ಮೇಲೆ ಹೊಳೆಗೆ ಇಳಿದು ಬೆರಳು ತೊಳೆದುಕೊಂಡಳು, ಅಲ್ಲೇ ಕಲ್ಲಿನ ಮೇಲೆ ಬಳೆಗಳನ್ನೂ ಕುಟ್ಟಿ ಒಡೆದಳು.

ಲೈಸೆನ್ಸು ಮಳೆಗಾಲದ ಮೊದಲೇ ಬಂತು. ತನಗೆ ಎಪ್ಪತ್ತು ದಾಟಿ ಎರಡು ಮೂರು ವರ್ಷವಾಗುವ ತನಕ ಅಮ್ಮಣಿ ಆ ಅಂಗಡಿ ನಡೆಸಿದಳು. ಮೂರ್ಸಂಜೆಯಾದರೂ ಹೊಳೆಯ ಕಡೆಯ ತಟ್ಟಿ ಇಳಿಸುತ್ತಿರಲಿಲ್ಲ. ಆಚೆ ದಡದಿಂದಾಗಲಿ, ಬೆಂಚಿನಿಂದಾಗಲಿ, ಅವಳನ್ನು ಒಂದು ಸಲ ಕರೆದರೆ ಸಾಕಿತ್ತು.